ಮಾನಮ್ಮನ ಹೊಸ ಲೋಟ

ಪ್ರಿಯಂವದಾ ಅವನನ್ನು ಮೊದಲ ಸಲ ನೋಡಿದಾಗ ಅವನು ಒಬ್ಬ ಮುದುಕನ ಕಾಲಿನ ಹುಣ್ಣಿನಿಂದ ಹುಳ ತೆಗೆಯುತ್ತಿದ್ದ.

ಟರ್ಪೆಂಟೈನ್ ಸುರಿದ ಹುಣ್ಣು. ಬಿಳಿ ಹುಳಗಳು ಒಂದೊಂದಾಗಿ ತಲೆ ಎತ್ತುತ್ತಿದ್ದವು. ಮಲ್ಲಿಗೆ ಮೊಗ್ಗು ಬಿಡಿಸುವವರ ತಾಳ್ಮೆಯಲ್ಲಿ ಅವನು ಚಿಮಟದಿಂದ ಅವನ್ನು ಎಳೆದು ಸ್ಟೀಲ್ ಟ್ರೇಗೆ ಹಾಕುತ್ತಿದ್ದ. ಮುದುಕನಿಗೆ ಮರಾಠಿಯಲ್ಲಿ ಏನೋ ತಮಾಷೆ ಹೇಳಿದ. ಮುದುಕ ನಕ್ಕ. ನಕ್ಕಾಗ ಕಾಲು ಅಲುಗಿ ಒಂದು ಹುಳ ನೆಲಕ್ಕೆ ಬಿದ್ದು, ಬೇರೆ ದಿಕ್ಕೇ ಇಲ್ಲವೆಂಬಂತೆ ಅವಳ ಚಪ್ಪಲಿಯ ಕಡೆಗೆ ಹೊರಟಿತು.

ಅವನು ಅವಳನ್ನು ಮೊದಲ ಸಲ ನೋಡಿದಾಗ ಅವಳು ಆಂಬುಲೆನ್ಸಿನ ಹಿಂದೆ ಬಗ್ಗಿ ನಿಂತು ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕುತ್ತಿದ್ದಳು.

"ಥೂ, ದೇವರೇ," ಎಂದು ಅವಳು ತುಟಿ ಒರೆಸಿಕೊಂಡದ್ದು ಅವನಿಗೆ ಕೇಳಿಸಿತು. ಮರಾಠಿಯಲ್ಲಿ ಏನೋ ಕೇಳಲು ಬಾಯಿ ತೆರೆದವನು ಹಾಗೇ ನಿಂತ.

"ಅಯ್ಯ, ಕನ್ನಡದಾವ್ರೇನ್ರಿ? ತಗೋರಿ, ನೀರು."

ಅವಳು ಬಾಟಲಿಯನ್ನು ಮೇಲೆತ್ತಿ, ಬಾಯಿಗೆ ತಾಗಿಸದೆ, ಗಂಟಲಿಗೆ ನೇರ ಸುರಿದುಕೊಂಡಳು.

"ಕರುಳು ಹೊರಗ ಬರೂ ಹೊತ್ತಿನ್ಯಾಗೂ ಎತ್ತಿ ಕುಡೀತೀರಲ್ಲ! ಉಡುಪಿ ಕಡೀಯವ್ರು. ಹೌದಿಲ್ಲೋ?"

"ಡೊಂಬಿವಲಿಯವಳು," ಎಂದಳು ಸಿಟ್ಟಿನಿಂದ.

"ಆತು, ಡೊಂಬಿವಲಿ. ಫೋಟೋ ಈಗ ತಗೋತೀರೋ, ಮುಖ ತೊಳಕೊಂಡ ಮ್ಯಾಲೋ?"

"ಯಾವ ಫೋಟೋ?"

"ಬಿಳಿ ಕೋಟ್ ಹಾಕ್ಕೊಂಡು, ಕೊಳ್ಳಾಗ ಸ್ಟೆತೊಸ್ಕೋಪ್, ತೊಡಿ ಮ್ಯಾಲೊಂದು ಸುಂಬಳ ಸೋರೋ ಕೂಸು. ಘೋಡಬಂದರ್ ರೋಡಿನ ನಿಮ್ಮ ಮೇಡಂ ಕಳಸೂ ಮಂದಿಯೆಲ್ಲ ಅದನ್ನೇ ತಕ್ಕೊಂಡು ಹೋಗ್ತಾರ. ಫೋಟೋ ಆದ ಕೂಡ್ಲೆ ಸ್ಯಾನಿಟೈಸರ್."

ಅವನ ಕಣ್ಣಲ್ಲಿ ನಗುವಿತ್ತು, ಆದರೆ ಅದರ ಅಡಿಯಲ್ಲಿ ಬೇರೊಂದು ಇತ್ತು. ಅದನ್ನು ಅವಳು ತಕ್ಷಣ ಗುರುತಿಸಿದಳು. ಅದು ಹೇಸಿಗೆ. ಹುಳಗಳನ್ನು ಮುಟ್ಟುವಾಗ ಇಲ್ಲದ ಹೇಸಿಗೆ ಅವಳನ್ನು ನೋಡುವಾಗ ಇತ್ತು.

"ನಾನು ಫೋಟೋಗೆ ಬಂದವಳಲ್ಲ," ಎಂದಳು.

"ಮತ್ತ್ಯಾಕ ಬಂದೀರಿ?"

ಚಂದದ ಉತ್ತರಗಳು ಅವಳ ಬಳಿ ಬೇಕಾದಷ್ಟು ಇದ್ದವು. ಆದರೆ ಬಾಯಲ್ಲಿನ್ನೂ ಹುಳಿ ಇತ್ತು. "ನಿಮ್ಮ ಶಿಫಾರಸು ಪತ್ರಕ್ಕೆ," ಎಂದುಬಿಟ್ಟಳು.

ಅವನು ಗಟ್ಟಿಯಾಗಿ ನಕ್ಕ. "ಖರೇ ಹೇಳಿದ್ರಿ. ಪತ್ರ ಬೇಕಂದ್ರ ಕೆಲಸ ಮಾಡ್ರಿ. ನಾಳಿಂದ ಇಡ್ಲಿ ತಿಂದು ಬರಬ್ಯಾಡ್ರಿ."

ಅವನು ಡಾಕ್ಟರ್ ಸಿದ್ಧೇಶ್ವರ. ಕಲ್ಯಾಣದಲ್ಲಿ ಮನೆ, ಉಲ್ಹಾಸನಗರದಲ್ಲಿ ಅಪ್ಪ ಮುರುಗೆಪ್ಪನವರ ಬಟ್ಟೆ ಅಂಗಡಿ. ಟಿಟ್ವಾಳಾ ಸ್ಟೇಶನ್ನಿನಿಂದ ಶೇರ್ ರಿಕ್ಷಾ ಹಿಡಿದು ಬರಬೇಕಾದ ಈ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಡ್ಡಾಯ ಸೇವೆಗೆಂದು ಬಂದವನು, ಕಡ್ಡಾಯ ಮುಗಿದ ಮೇಲೂ ಹೋಗಿರಲಿಲ್ಲ.

*

ಅಮೆರಿಕದಲ್ಲಿ ಡಾಕ್ಟರಾಗಲು ಎರಡು ದಾರಿಗಳಿವೆ. ಒಂದು ಎಂ.ಡಿ., ಎಲ್ಲರಿಗೂ ಗೊತ್ತಿರುವುದು. ಇನ್ನೊಂದು ಡಿ.ಒ., ಆಸ್ಟಿಯೋಪಥಿಕ್. ಓದು ಅದೇ, ಔಷಧಿ ಅದೇ, ಆಪರೇಶನ್ನೂ ಅದೇ. ಜೊತೆಗೆ ಬರಿಗೈಯಿಂದ ಮುಟ್ಟಿ ನೋವು ಎಲ್ಲಿದೆ ಎಂದು ಹುಡುಕುವ ವಿದ್ಯೆಯನ್ನೂ ಕಲಿಸುತ್ತಾರೆ. ಪ್ರಿಯಂವದಾ ಅರ್ಜಿ ಹಾಕುತ್ತಿದ್ದದ್ದು ಅಂಥದೊಂದು ಕಾಲೇಜಿಗೆ. ಹಳ್ಳಿಗಾಡಿಗೆ ಹೋಗಿ ಜ್ವರ, ಕೆಮ್ಮು, ಬಸಿರು, ಬಾಣಂತನ ನೋಡಿಕೊಳ್ಳುವ ಡಾಕ್ಟರುಗಳನ್ನು ತಯಾರು ಮಾಡುವುದೇ ಅದರ ಉದ್ದೇಶ.

ಅವಳು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಅಪ್ಪ ಲಕ್ಷ್ಮೀಕಾಂತ ರಾವ್ ಅಲ್ಲಿನ ಉಡುಪಿ ರೆಸ್ಟೋರೆಂಟೊಂದರಲ್ಲಿ ಅಡುಗೆಗಿದ್ದ ಕಾಲ. ಆಮೇಲೆ ಡೊಂಬಿವಲಿಗೆ ಬಂದು ಸ್ವಂತ ಹೋಟೆಲ್ ಇಟ್ಟರು. ಹುಟ್ಟಿನಿಂದ ಸಿಕ್ಕ ಪಾಸ್‌ಪೋರ್ಟ್ ಹಿಡಿದು ಅವಳು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿಯೇ ಡಿಗ್ರಿ ಮುಗಿಸಿದಳು. ಅರ್ಜಿ ಹಾಕುವ ಈ ಒಂದು ವರ್ಷಕ್ಕೆ ಮನೆಗೆ ಬಂದಿದ್ದಳು.

"ಮಗಳು ಎಲುಬಿನ ಡಾಕ್ಟ್ರು ಆಗುವುದಂತೆ," ಎಂದು ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳಿಗೆ ಹೇಳುತ್ತಿದ್ದರು.

"ಎಲುಬಿನದ್ದಲ್ಲ ಅಪ್ಪ."

"ಹಾಗಾದ್ರೆ ಎಂತದ್ದು?"

"ಎಲ್ಲದ್ದು."

"ಎಲ್ಲದ್ದು ಅಂದ್ರೆ ಯಾವುದೂ ಅಲ್ಲ, ಮಾರಾಯ್ತಿ."

ಅಪ್ಪನಿಗೆ ಹೇಳದ ಸಂಗತಿಯೊಂದಿತ್ತು. ದೊಡ್ಡ ಹೆಸರಿನ ಕಾಲೇಜುಗಳಿಗೆ ಅವಳ ಅಂಕ ಸಾಲುತ್ತಿರಲಿಲ್ಲ. ಹಳ್ಳಿಯ ಮೇಲಿನ ಪ್ರೀತಿ ಆಮೇಲೆ ಹುಟ್ಟಿಸಿಕೊಂಡದ್ದು. ಅದನ್ನು ಹುಟ್ಟಿಸಿಕೊಡುವ ಕೆಲಸ, ವಿದೇಶದ ಕಾಲೇಜುಗಳಿಗೆ ಅರ್ಜಿ ತಯಾರಿಸಿಕೊಡುವ ದಿಶಾಳದು.

ಘೋಡಬಂದರ್ ರಸ್ತೆಯ ಗಾಜಿನ ಕಟ್ಟಡದಲ್ಲಿ ದಿಶಾಳ ಆಫೀಸು. ಒಳಗೆ ಲ್ಯಾವೆಂಡರ್ ವಾಸನೆ. ಗೋಡೆಯ ತುಂಬ ವಿದೇಶದಲ್ಲಿ ಸೀಟು ಗಿಟ್ಟಿಸಿದವರ ಫೋಟೋಗಳು. ಎಲ್ಲರ ತೊಡೆಯ ಮೇಲೂ ಯಾರದೋ ಮಗು. ದಿಶಾಳ ಅಪ್ಪ ಅಮ್ಮ ಧಾರವಾಡದಿಂದ ಬಂದು ನೆರುಳ್‌ನಲ್ಲಿ ನೆಲೆಸಿದವರು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

"ಯಾರ್, ಗರೀಬೀ ದಿಖ್‌ನೀ ಚಾಹಿಯೇ, ಪರ್ ಗಂದೀ ನಹೀ," ಎನ್ನುತ್ತಿದ್ದಳು. ಬಡತನ ಕಾಣಬೇಕು, ಆದರೆ ಕೊಳಕಾಗಿ ಅಲ್ಲ. ಹುಳ ಬೇಡ. ಮುಗುಳ್ನಗೆ ಇರಲಿ.

ಆ ಆಫೀಸಿನಿಂದ ಹೊರಬಂದಾಗಲೆಲ್ಲ ಪ್ರಿಯಂವದಾಗೆ ಯಾರೋ ತನ್ನ ನಾಲಿಗೆಗೆ ಸೋಪು ತಿಕ್ಕಿದಂತೆ ಅನಿಸುತ್ತಿತ್ತು. ಆದರೂ ಮುಂದಿನ ವಾರ ಹೋಗುತ್ತಿದ್ದಳು.

*

ಅವಳಿಗೆ ಹೇಸಿಗೆಯಾಗುವ ವಸ್ತುಗಳಿಗೆ ಕೊನೆಯೇ ಇರಲಿಲ್ಲ. ಲೋಕಲ್ ಟ್ರೇನಿನಲ್ಲಿ ಯಾರದೋ ಅಂಗೈಯಿಂದ ಒದ್ದೆಯಾದ ಕಂಬಿ. ಬಾಚಣಿಗೆಗೆ ಸುತ್ತಿದ ಕೂದಲು. ಹೋಟೆಲಿನ ಹಿಂಬದಿಯ ತೊಟ್ಟಿಯಲ್ಲಿ ತೇಲುವ ಸಾಂಬಾರಿನ ನುಗ್ಗೆಸಿಪ್ಪೆ. ಇನ್ನೊಬ್ಬರು ಕೂತೆದ್ದ ಕುರ್ಚಿಯ ಬಿಸಿ.

ಆರೋಗ್ಯ ಕೇಂದ್ರದಲ್ಲಿ ಇವೆಲ್ಲವೂ ಒಟ್ಟಿಗೆ ಇದ್ದವು. ಮತ್ತು ಕೀವು.

ಅವಳು ಉಸಿರು ಹಿಡಿದು ಕೆಲಸ ಕಲಿತಳು. ಹೊಲಿಗೆ ಬಿಚ್ಚಿದಳು. ಮಕ್ಕಳ ಕಿವಿಯಿಂದ ಸೋರುವುದನ್ನು ಹತ್ತಿಯಲ್ಲಿ ಒರೆಸಿದಳು. ಮನೆಗೆ ಹೋಗಿ ಚರ್ಮ ಕೆಂಪಾಗುವವರೆಗೆ ಮೈ ಉಜ್ಜಿಕೊಂಡಳು.

"ಕೈ ಇಡ್ರಿ," ಎಂದ ಸಿದ್ಧೇಶ್ವರ ಒಂದು ದಿನ. ಎದುರಿಗೆ ಭುಜ ಹಿಡಿದುಕೊಂಡ ಮುದುಕಿ. "ಹಂಗಲ್ರೀ. ಕಾದ ಹಂಚು ಮುಟ್ಟಿದಂಗ ಮುಟ್ಟಿದ್ರ ಏನ್ ತಿಳೀತದ? ನಿಮ್ಮ ಕಾಲೇಜಿನ್ಯಾಗ ಇದನ್ನೇ ಕಲಸ್ತಾರಲ್ಲ?"

"ಸೀಟು ಸಿಕ್ಕಿದ ಮೇಲೆ ಕಲಿಸ್ತಾರೆ."

"ಅಲ್ಲೀತನ ಈ ಆಯಿ ಕಾಯ್ಬೇಕೇನು?"

ಅವನು ತನ್ನ ಅಂಗೈಯನ್ನು ಅವಳ ಕೈಯ ಮೇಲಿಟ್ಟು ಮೆಲ್ಲನೆ ಒತ್ತಿದ. ಅವಳ ಬೆರಳುಗಳ ಅಡಿಯಲ್ಲಿ ಮುದುಕಿಯ ಸ್ನಾಯು ಗಂಟು ಕಟ್ಟಿತ್ತು. ಮೇಲೆ ಅವನ ಅಂಗೈಯ ಬಿಸಿ. ಎರಡರ ನಡುವೆ ಅವಳ ಕೈ ತನ್ನದಲ್ಲದಂತೆ ಸುಮ್ಮನಿತ್ತು.

ಮುದುಕಿ ಮರಾಠಿಯಲ್ಲಿ ಗೊಣಗಿದಳು, "ನೋವು ನನಗೆ. ಕೈ ಹಿಡಿಯೋದು ಅವಳದಾ?"

ಅವನ ಕಿವಿ ಕೆಂಪಾಯಿತು. ಕೈ ತೆಗೆದು ಗಂಭೀರವಾಗಿ ಚೀಟಿ ಬರೆಯಲು ಕೂತ. ಯೋಚಿಸುತ್ತ ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಂಡು, ಪ್ಯಾಂಟಿಗೆ ಒರೆಸಿ, ಮತ್ತೆ ಬರೆದ.

ಪ್ರಿಯಂವದಾ ಕಾದಳು. ಹೊಟ್ಟೆಯೊಳಗೆ ಆ ಪರಿಚಿತ ತಿರುವು ಬರಬೇಕಿತ್ತು. ಅಪ್ಪ ಹೀಗೆ ಮಾಡಿದರೆ ಬರುತ್ತಿತ್ತು, ಅಣ್ಣ ಮಾಡಿದರೆ ಊಟ ಬಿಟ್ಟು ಏಳುತ್ತಿದ್ದಳು.

ಬರಲಿಲ್ಲ.

ಅಯ್ಯೋ, ಎಂದುಕೊಂಡಳು. ಸಿಂಕಿನ ಬಳಿ ಹೋಗಿ ಅಗತ್ಯಕ್ಕಿಂತ ಬಹಳ ಹೊತ್ತು ಕೈ ತೊಳೆದಳು. ಪ್ರೀತಿ ಎಂದರೆ ಹೂವಿನಂತೆ ಬರುತ್ತದೆ ಎಂದು ತಿಳಿದಿದ್ದವಳಿಗೆ ಅದು ಹೀಗೆ, ಬರಬೇಕಾದ ಓಕರಿಕೆ ಬಾರದೆ ಹೋಗುವುದರಿಂದ ಗೊತ್ತಾದದ್ದು ಬಹಳ ಅವಮಾನವೆನಿಸಿತು.

*

ಶುಕ್ರವಾರಗಳಂದು ಅವರು ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದರು. ಅಲ್ಲಿ ದುಡಿಯುವವರಲ್ಲಿ ಯಾದಗಿರಿ ಕಡೆಯ ಕುಟುಂಬಗಳೂ ಇದ್ದವು. ಮಾನಮ್ಮ ಅವರಲ್ಲೊಬ್ಬಳು. ಅವಳ ಹಿಮ್ಮಡಿ ಕೆರೆಯ ತಳದಂತೆ ಬಿರಿದು, ಬಿರುಕುಗಳಲ್ಲಿ ಕೀವಾಗಿತ್ತು. ಬೂದಿ, ಬೆವರು, ಕೀವು ಸೇರಿದ ವಾಸನೆಗೆ ಪ್ರಿಯಂವದಾಳ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ವಾರವಾರವೂ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಕಟ್ಟಿದಳು.

"ಬಿಸಲಾಗ ಬಂದೀರಿ ಯಕ್ಕಾ, ನೀರು ಕುಡೀರಿ," ಎಂದು ಮಾನಮ್ಮ ಮೊದಲ ವಾರ ಸೊಟ್ಟಾದ ಅಲ್ಯೂಮಿನಿಯಂ ಲೋಟದಲ್ಲಿ ನೀರು ಕೊಟ್ಟಳು. ಪ್ರಿಯಂವದಾ ಎಂದಿನಂತೆ ಎತ್ತಿ ಸುರಿದುಕೊಂಡು, ಲೋಟವನ್ನು ಕೈಗೆ ಕೊಡದೆ ಕಲ್ಲಿನ ಮೇಲಿಟ್ಟಳು. ಮನೆಯಲ್ಲಿ ಹಾಗೆಯೇ. ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ.

ಮುಂದೊಂದು ಶುಕ್ರವಾರ ಮಾನಮ್ಮ ಗುಡಿಸಲಿನೊಳಗಿಂದ ಹೊಸ ಸ್ಟೀಲ್ ಲೋಟ ತಂದಳು. ತಳದಲ್ಲಿ ಅಂಗಡಿಯ ಸ್ಟಿಕ್ಕರ್ ಇನ್ನೂ ಇತ್ತು.

"ನಿಮಗಂತನ ತಂದೀನ್ರಿ ಯಕ್ಕಾ. ಬ್ಯಾರೆ ಇಟ್ಟೀನಿ. ನಮ್ಮವ್ರು ಯಾರೂ ಮುಟ್ಟಿಲ್ರಿ ಇದನ್ನ."

ದಿನವಿಡೀ ಮಣ್ಣು ತುಳಿಯುವ ಹೆಂಗಸು ತನಗಾಗಿ ಬಜಾರಕ್ಕೆ ಹೋಗಿ ಲೋಟ ತಂದಿದ್ದಾಳೆ. ಪ್ರಿಯಂವದಾ ಅದನ್ನು ಎತ್ತಿ ನೀರು ಸುರಿದುಕೊಂಡಳು. ಪಕ್ಕದಲ್ಲಿ ಯಾರಿಗೋ ಪಟ್ಟಿ ಸುತ್ತುತ್ತಿದ್ದ ಸಿದ್ಧೇಶ್ವರನ ಕೈ ಅರ್ಧಕ್ಕೇ ನಿಂತಿತು. ಅವಳನ್ನು ನೋಡಿದ, ತಲೆ ತಗ್ಗಿಸಿದ. ಅವನ ಕಣ್ಣೂ ತುಂಬಿರಬೇಕು ಎಂದುಕೊಂಡಳು.

ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧ ಬರೆದದ್ದು ಆ ಭಾನುವಾರ. "ಅವಳು ನನಗಾಗಿ ಒಂದು ಹೊಸ ಲೋಟ ತಂದಳು. ಅಂದು ನಾನು ಅವರಲ್ಲಿ ಒಬ್ಬಳಾದೆ." ಅಲ್ಲಿಗೆ ಮುಗಿಸಿದಳು.

"ಯೇ ತೋ ಸೋನಾ ಹೈ!" ಎಂದು ದಿಶಾ ಕುರ್ಚಿಯಿಂದ ಎದ್ದೇಬಿಟ್ಟಳು. ಇದು ಚಿನ್ನವಂತೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಅರ್ಜಿ ಹೋಯಿತು. ಸಿದ್ಧೇಶ್ವರನ ಪತ್ರವೂ ಹೋಯಿತು. ಮಳೆ ಬಂದು ಭಟ್ಟಿಗಳು ಮುಚ್ಚಿ, ಕುಟುಂಬಗಳು ಲಾರಿ ಹತ್ತಿ ಊರಿಗೆ ಹೋದವು.

*

ಟಿಟ್ವಾಳಾ ಸ್ಟೇಶನ್ನಿನ ಬೆಂಚಿನಲ್ಲಿ ಕೂತು ಅವಳು ಪ್ರಬಂಧವನ್ನು ಫೋನಿನಲ್ಲಿ ಅವನಿಗೆ ತೋರಿಸಿದಳು. ತೋರಿಸುವಾಗ ಹೊಸ ಕುರ್ತಾ ಹಾಕಿಕೊಂಡಿದ್ದಳು. ಅವನು ಓದುವಾಗ ಅವನ ಕೆನ್ನೆಯ ಮೇಲಿನ ಸಣ್ಣ ಮಚ್ಚೆಯನ್ನು ನೋಡುತ್ತ ಕೂತಳು.

ಅವನು ಫೋನನ್ನು ಬೆಂಚಿನ ಮೇಲಿಟ್ಟ. ಅವಳ ಕೈಗೆ ಕೊಡಲಿಲ್ಲ.

"ಕಳಿಸೀರೇನು ಇದನ್ನ?"

"ಹ್ಞೂಂ. ಯಾಕೆ, ಚೆನ್ನಾಗಿಲ್ವಾ?"

"ಪ್ರೀತೀಲೆ ತಂದ್ಲು ಅಂತ ತಿಳಕೊಂಡೀರಿ?"

"ಮತ್ತೆ?"

"ನೀವು ಆಕೀ ಲೋಟಕ್ಕ ತುಟಿ ಹಚ್ಚಲಿಲ್ಲ. ಕೈಗೆ ಕೊಡಲಿಲ್ಲ, ಕಲ್ಲಿನ ಮ್ಯಾಲಿಟ್ರಿ. ಆಕೀ ಊರಾಗ ಹಂಗ ಯಾರು ಮಾಡ್ತಾರ, ಯಾರಿಗೆ ಮಾಡ್ತಾರ, ಗೊತ್ತೈತೇನು ನಿಮಗ? ಆಕೀ ಊರಿನ ಚಾದ ಅಂಗಡ್ಯಾಗ ಆಕೀ ಮಂದಿಗೆ ಬ್ಯಾರೆ ಕಪ್ಪು ಇಡ್ತಾರ. ಅದನ್ನ ನೋಡಿ ಬೆಳದಾಕಿ. 'ನಮ್ಮವ್ರು ಯಾರೂ ಮುಟ್ಟಿಲ್ಲ' ಅಂದ್ಲಲ್ಲ, ಅದು ಪ್ರೀತಿ ಮಾತಲ್ರೀ."

ಕಲ್ಯಾಣ ಕಡೆಯ ಲೋಕಲ್ ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

"ನಾನು ಹಾಗೆ ಅಂದುಕೊಂಡು ಮಾಡಿದ್ದಲ್ಲ," ಎಂದಳು. "ನಾನು ಎಲ್ಲರ ಮನೆಯಲ್ಲೂ ಎತ್ತಿಯೇ ಕುಡಿಯೋದು. ನಮ್ಮ ಮನೆಯಲ್ಲೂ."

"ಅದು ಆಕೀಗೆ ಹೆಂಗ್ ಗೊತ್ತಾಗ್ಬೇಕು? ಅದನ್ನ ತಗೊಂಡು ಅಮೆರಿಕಾಕ್ಕ ಕಳಿಸೀರಿ. ಅವರಾಗ ಒಬ್ಬಾಕಿ ಆದ್ರಂತ." ಅವನು ಪಕ್ಕಕ್ಕೆ ತಿರುಗಿ ಹಳಿಗಳ ಕಡೆ ಉಗಿದ. "ಥೂ."

ಅವಳು ಬಿಳಚಿಕೊಂಡಳು. ಅವನ ಮುಖದಲ್ಲಿ ಮೊದಲ ದಿನದ ಅದೇ ಹೇಸಿಗೆ, ಈಗ ನಗುವಿನ ಪದರವಿಲ್ಲದೆ.

"ನೀವು ನೋಡಿದ್ರಿ," ಎಂದಳು. "ಮೊದಲ ವಾರವೇ ನೋಡಿದ್ರಿ. ಹೊಸ ಲೋಟ ಬಂದಾಗಲೂ ಪಕ್ಕದಲ್ಲಿದ್ರಿ. ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀವು ಬರೂದು ಬಿಟ್ಟಗಿಟ್ಟೀರಿ ಅಂತ," ಎಂದ ಅವನು. "ನೀವು ಬರಬೇಕಾಗಿತ್ತು ನನಗ. ಅದಕ್ಕ ಆಕೀ ಮರ್ಯಾದಿ ಹೋದ್ರೂ ಸುಮ್ನ ಕುಂತೆ. ಈಗ ಉಗುಳಿದ್ದು ನಿಮ್ಮ ಮ್ಯಾಲಷ್ಟೇ ಅಲ್ಲ."

ಬೇರೆ ಯಾವ ದಿನವಾದರೂ ಆ ಮಾತಿಗೆ ಅವಳ ಎದೆ ಹಾರುತ್ತಿತ್ತು. ಇವತ್ತು ಅದು ಕೆಟ್ಟ ಎಣ್ಣೆಯಲ್ಲಿ ಕರಿದ ಸಿಹಿತಿಂಡಿಯಂತಿತ್ತು. ಬಾಯಿಗಿಡಲೂ ಆಗದು, ಬಿಸಾಡಲೂ ಆಗದು.

*

ಅಮ್ಮ ಹೋಟೆಲಿನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು.

"ಅಮ್ಮ, ನಾವು ಯಾಕೆ ಎತ್ತಿ ಕುಡಿಯುವುದು?"

"ಎಂಜಲು ಆಗ್ತದಲ್ಲ ಮಗಾ."

"ಊರಿಡೀ ತಿಂದ ಎಂಜಲು ತಟ್ಟೆ ನಮ್ಮ ಹೋಟೆಲಿನಲ್ಲೇ ತೊಳೆಯುವುದಲ್ವಾ?"

"ಅದು ವ್ಯಾಪಾರ," ಎಂದರು ಅಮ್ಮ, ತುರಿಮಣೆಯಿಂದ ತಲೆ ಎತ್ತದೆ. "ಎಂತ ಇವತ್ತು ಹೊಸ ಪ್ರಶ್ನೆ?"

ಪ್ರಿಯಂವದಾ ಇಷ್ಟು ವರ್ಷ ತನ್ನ ಹೇಸಿಗೆ ತನ್ನೊಬ್ಬಳ ಕಾಯಿಲೆ, ತನ್ನ ಹೊಟ್ಟೆಯೊಳಗೇ ಇರುವಂಥದ್ದು ಎಂದು ತಿಳಿದಿದ್ದಳು. ಅದು ಹೊರಗಿನವರಿಗೆ ಕಾಣುತ್ತದೆ, ಕೆಲವರಿಗೆ ಅದರ ಅರ್ಥ ಬಾಲ್ಯದಿಂದಲೇ ಬಾಯಿಪಾಠವಾಗಿರುತ್ತದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಮಾನಮ್ಮನಿಗೆ ಹೇಳೋಣವೆಂದರೆ ಅವಳು ಊರಲ್ಲಿಲ್ಲ. ಫೋನ್ ನಂಬರಿಲ್ಲ. ಯಾದಗಿರಿಯಲ್ಲಿ ಯಾವ ಹಳ್ಳಿ ಎಂದೂ ಪ್ರಿಯಂವದಾ ಕೇಳಿರಲಿಲ್ಲ. ಅವಳ ಹಿಮ್ಮಡಿಯ ಒಂದೊಂದು ಬಿರುಕೂ ಗೊತ್ತಿತ್ತು, ಊರು ಗೊತ್ತಿರಲಿಲ್ಲ.

ಕಾಲೇಜಿನಿಂದ ಇಂಟರ್‌ವ್ಯೂಗೆ ಕರೆ ಬಂತು. ದಿಶಾ ಕುಣಿದಾಡಿದಳು. "ಗ್ಲಾಸ್ ಕೇ ಬಾರೇ ಮೇ ಪಕ್ಕಾ ಪೂಛೇಂಗೇ. ಆಂಖ್ ಥೋಡೀ ಗೀಲೀ ಕರ್‌ನಾ, ಬಸ್."

ಲೋಟದ ಬಗ್ಗೆ ಕೇಳಿಯೇ ಕೇಳುತ್ತಾರಂತೆ, ಆಗ ಕಣ್ಣು ಒದ್ದೆ ಮಾಡಿಕೊಳ್ಳಬೇಕಂತೆ. ಸ್ವಲ್ಪವೇ.

ಆರೋಗ್ಯ ಕೇಂದ್ರಕ್ಕೆ ಅವಳು ಹೋಗುವುದನ್ನು ಬಿಡಲಿಲ್ಲ. ಪತ್ರ ಸಿಕ್ಕಾಗಿತ್ತು, ಹೋಗಬೇಕಾದ ಕಾರಣವೇ ಇರಲಿಲ್ಲ. ಸಿದ್ಧೇಶ್ವರ ಈಗ ಅವಳನ್ನು ಕೆಲಸದ ಮಾತಿಗಷ್ಟೇ ಕರೆಯುತ್ತಿದ್ದ. "ಮೇಡಂ, ಹತ್ತಿ." "ಮೇಡಂ, ಆ ಟ್ರೇ." ಅವಳು ಕೊಡುತ್ತಿದ್ದಳು. ಬೆರಳು ತಾಗದಂತೆ ಇಬ್ಬರೂ ಎಚ್ಚರವಹಿಸುತ್ತಿದ್ದರು. ಸಂಜೆಯ ಟ್ರೇನಿನಲ್ಲಿ ಅವನು ಬಾಗಿಲ ಬಳಿ ನಿಲ್ಲುತ್ತಿದ್ದ, ಅವಳು ಒಳಗೆ ಕೂರುತ್ತಿದ್ದಳು. ಗಾಳಿಗೆ ಅವನ ಅಂಗಿಯ ಬೆನ್ನು ಉಬ್ಬಿ ತಗ್ಗುವುದನ್ನು ಕಲ್ಯಾಣ ಬರುವವರೆಗೆ ನೋಡುತ್ತಿದ್ದಳು. ಅವನು ಇಳಿದ ಮೇಲೆ ಡೊಂಬಿವಲಿ ತನಕ ಖಾಲಿ ಬಾಗಿಲನ್ನು ನೋಡುತ್ತಿದ್ದಳು.

*

ಇಂಟರ್‌ವ್ಯೂ ಹೋಟೆಲಿನ ಮೇಲಿನ ಕೋಣೆಯಲ್ಲಿ ನಡೆಯಿತು. ಲ್ಯಾಪ್‌ಟಾಪಿನ ಹಿಂದೆ ಉದ್ದಿನಬೇಳೆಯ ಮೂಟೆಗಳು. ಪರದೆಯ ಮೇಲೆ ನರೆತ ಕೂದಲಿನ ಡಾಕ್ಟರಮ್ಮ ಒಬ್ಬರು, ಪಕ್ಕದ ಚೌಕದಲ್ಲಿ ಕನ್ನಡಕದ ಒಬ್ಬ ಗಂಡಸು.

"ಆ ಲೋಟದ ಬಗ್ಗೆ ಹೇಳು," ಎಂದರು ಡಾಕ್ಟರಮ್ಮ ಇಂಗ್ಲಿಷಿನಲ್ಲಿ. "ನಮಗೆಲ್ಲ ಬಹಳ ಹಿಡಿಸಿತು."

ದಾರಿ ಸಲೀಸಾಗಿತ್ತು. ದಿಶಾ ಹೇಳಿಕೊಟ್ಟ ವಾಕ್ಯಗಳು ನಾಲಿಗೆಯ ತುದಿಯಲ್ಲೇ ಇದ್ದವು, ಲ್ಯಾವೆಂಡರ್ ವಾಸನೆಯ ಸಮೇತ. ಅವುಗಳನ್ನು ಹೇಳಿದರೆ ಸೀಟು ಸಿಗುತ್ತಿತ್ತು. ಹೇಳಲು ಬಾಯಿ ತೆರೆದಳು.

ಹೊಟ್ಟೆ ತಿರುಗಿತು. ನಿಜವಾಗಿಯೂ, ಆಂಬುಲೆನ್ಸಿನ ಹಿಂದೆ ತಿರುಗಿದ ಹಾಗೆಯೇ.

"ಅದನ್ನು ನಾನು ತಪ್ಪಾಗಿ ಬರೆದಿದ್ದೇನೆ," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ತಮ್ಮ ಮನೆಯಲ್ಲಿ ನೀರು ಕುಡಿಯುವ ರೀತಿ. ಮಾನಮ್ಮನ ಊರಿನಲ್ಲಿ ಅದಕ್ಕಿರುವ ಅರ್ಥ. ಹೊಸ ಲೋಟ ಪ್ರೀತಿಯಲ್ಲ, ತಾನೇ ಅವಳಿಗೆ ಕೊಟ್ಟ ಏಟು, ಅವಳು ತೊಳೆದು ಫಳಫಳ ಮಾಡಿ ತನಗೆ ಹಿಂತಿರುಗಿಸಿದ್ದು. ಅದನ್ನು ತಾನು ಸನ್ಮಾನವೆಂದು ಬರೆದು ಕಳಿಸಿದ್ದು.

"ಇದು ನಿನಗೆ ಹೇಗೆ ತಿಳಿಯಿತು?"

"ನಾನು ಕೆಲಸ ಕಲಿಯುವ ಡಾಕ್ಟರ್ ಹೇಳಿದರು. ನಾನಾಗಿ ಕಂಡುಕೊಂಡದ್ದಲ್ಲ."

ಕನ್ನಡಕದವರು ಮುಂದಕ್ಕೆ ಬಾಗಿದರು. "ಈಗ ಹೇಸಿಗೆ ಆಗುವುದಿಲ್ಲವೇ?"

"ಆಗುತ್ತದೆ."

"ಹಾಗಿದ್ದ ಮೇಲೆ, ಮುಟ್ಟಿ ನೋಡುವುದನ್ನೇ ಕಲಿಸುವ ನಮ್ಮ ಕಾಲೇಜಿಗೆ ಯಾಕೆ?"

"ನನ್ನ ಅಂಕಗಳಿಗೆ ಸಿಗುವುದು ನಿಮ್ಮ ಕಾಲೇಜೇ ಎಂದು ಶುರುಮಾಡಿದ್ದೆ. ಈಗ..." ಪದ ಹುಡುಕಿದಳು. ಚಂದದ ಪದಗಳು ಬಂದವು, ಬಿಟ್ಟಳು. "ಈಗ ಕಲಿಯದೆ ಇದ್ದರೆ ಇನ್ನೂ ಎಷ್ಟು ಜನರಿಗೆ ಹೀಗೆ ಮಾಡಿಬಿಡುತ್ತೇನೋ ಎಂದು ಭಯವಾಗುತ್ತದೆ."

ಕೆಳಗೆ ಗ್ರೈಂಡರ್ ಶುರುವಾಯಿತು. ಇಬ್ಬರೂ ಧನ್ಯವಾದ ಹೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಪರದೆ ಕಪ್ಪಾಯಿತು.

ಮರುದಿನ ಅವಳು ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತು, "ಹೇಳಿಬಿಟ್ಟೆ," ಎಂದಳು.

ಅವನಿಗೆ ಕೇಳಬೇಕಾಗಲಿಲ್ಲ ಏನೆಂದು. "ಏನಂದ್ರು?"

"ಥ್ಯಾಂಕ್ಯೂ ಅಂದ್ರು."

"ಹೋತು ಬಿಡ್ರಿ ಸೀಟು."

"ಹೋಯ್ತು."

ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಇಂಜೆಕ್ಷನ್ನಿಗೆಂದು ಚಡ್ಡಿ ಇಳಿಸಿ ನಿಂತಿದ್ದ ಗಂಡಸು ಗಾಬರಿಯಿಂದ ಇಬ್ಬರನ್ನೂ ನೋಡಿದ. ಅವರಿಗೆ ಇನ್ನೂ ನಗು ಬಂತು.

*

ದೀಪಾವಳಿ ಕಳೆದು ಭಟ್ಟಿಗಳು ಮತ್ತೆ ಹೊಗೆಯಾಡಿದ ವಾರವೇ ಕಾಲೇಜಿನ ಮೇಲ್ ಬಂತು. ಸೀಟು ಕೊಟ್ಟಿದ್ದರು. ಅಪ್ಪ ಇಡೀ ಹೋಟೆಲಿಗೆ ಕಾಶಿ ಹಲ್ವ ಹಂಚಿದರು. ಅವಳು ಸಿದ್ಧೇಶ್ವರನಿಗೆ ಹೇಳದೆ, ಶುಕ್ರವಾರ ಅವನ ಜೊತೆ ಭಟ್ಟಿಗೆ ಹೋದಳು. ಮೊದಲು ಹೇಳಬೇಕಾದದ್ದು ಮಾನಮ್ಮನಿಗೆ.

ಗುಡಿಸಲಿನಲ್ಲಿ ಬೇರೆ ಹೆಂಗಸಿದ್ದಳು.

"ಮಾನಮ್ಮನೇನ್ರಿ? ಆಕಿ ಈ ಸರ್ತಿ ಪುಣೆ ಕಡಿ ಹೋದ್ಲು. ಯಾಕ್ರಿ, ಏನರ ಕೊಡೂದಿತ್ತೇನು?"

"ಇಲ್ಲ," ಎಂದಳು ಪ್ರಿಯಂವದಾ. "ಹೇಳೋದಿತ್ತು."

ಹೆಂಗಸಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಕಂಕುಳಲ್ಲಿದ್ದ ಕೂಸನ್ನು ಮುಂದೆ ಹಿಡಿದಳು. ಕೂಸಿನ ತಲೆತುಂಬ ಹುಣ್ಣು, ಮೇಲೆ ಹಳದಿ ಹೊಪ್ಪಳೆ, ಅದರ ಮೇಲೆ ನೊಣ. ಪ್ರಿಯಂವದಾ ನೆಲದ ಮೇಲೆ ಕೂತು ಕೂಸನ್ನು ತೊಡೆಗೆ ತೆಗೆದುಕೊಂಡಳು. ವಾಸನೆ ಮೂಗಿಗೆ ಬಡಿಯಿತು. ಹೇಸಿಗೆಯಾಯಿತು. ಅವಳು ಉಸಿರು ಹಿಡಿಯಲಿಲ್ಲ.

"ಊರು ಯಾವುದು ನಿಮ್ಮದು?" ಎಂದು ಹೆಂಗಸನ್ನು ಕೇಳಿದಳು. "ಹೆಸರೇನು?"

ವಾಪಸ್ಸು ಬರುವಾಗ ರಿಕ್ಷಾ ನಿಲ್ಲುವ ತಿರುವಿನವರೆಗೆ ನಡೆಯಬೇಕಿತ್ತು. ಅವಳ ಕುರ್ತಾದ ಮೇಲೆ ಹೊಪ್ಪಳೆಯ ಕಲೆ. ಅವನು ಅದನ್ನು ನೋಡಿದ.

"ಸೀಟು ಸಿಕ್ಕಿದೆ," ಎಂದಳು.

ಅವನ ಹೆಜ್ಜೆ ನಿಂತಿತು. ಮುಖದಲ್ಲಿ ಸಂತೋಷ ಬಂತು, ಅದರ ಹಿಂದೆಯೇ ಇನ್ನೊಂದು ಬಂತು.

"ಯಾವಾಗ ಹೋಗೂದು?"

"ಜುಲೈ."

"ಹೋಗ್ರಿ," ಎಂದ. "ಹೋಗಲೇಬೇಕು."

"ಅಷ್ಟೇನಾ?"

"ಇನ್ನೇನ್ ಹೇಳ್ಬೇಕು? ಹೋಗಬ್ಯಾಡ್ರಿ ಅಂದ್ರ ಟಿಟ್ವಾಳಾದ ಬೆಂಚಿನ ಮ್ಯಾಲ ಕುಂತು ಉಗುಳಿದಂಗ ಮತ್ತ ನನ್ನ ಮ್ಯಾಲ ನಾನ ಉಗುಳಬೇಕಾಗ್ತದ."

ಅವಳಿಗೆ ನಗು ಬಂತು, ಅಳುವೂ ಬಂತು. ಧೂಳು ಎಬ್ಬಿಸಿಕೊಂಡು ಇಟ್ಟಿಗೆಯ ಟ್ರ್ಯಾಕ್ಟರೊಂದು ಹೋಯಿತು. ಇಬ್ಬರೂ ಕೆಮ್ಮಿದರು.

"ನಮ್ಮವ್ವಗ ಹೇಳೀನಿ ನಿಮ್ಮ ಸುದ್ದಿ," ಎಂದ ಅವನು, ಎದುರಿನ ಹಾದಿಯನ್ನು ನೋಡುತ್ತ.

"ಏನಂತ?"

"ಡೊಂಬಿವಲಿ ಹೋಟೆಲ್ ಮಂದಿ ಹುಡುಗಿ. ಎಲ್ಲಾದಕ್ಕೂ ಅಸಹ್ಯ ಪಡ್ತಾಳ, ನನ್ನ ಬಿಟ್ಟು. ಯಾಕೋ ಗೊತ್ತಿಲ್ಲ ಅಂತ."

ಅವಳ ಮುಖ ಬಿಸಿಯಾಯಿತು. "ಅದು ನಿಮಗೆ ಹೇಗೆ ಗೊತ್ತು?"

"ನಾ ಕಿವಿ ಕೆರಕೊಂಡಾಗ ನೀವು ಸಿಂಕಿಗೆ ಓಡಿದ್ರಿ. ವಾಂತಿಗಂತ ತಿಳದೆ. ನೋಡಿದ್ರ ಸುಮ್ನ ಕೈ ತೊಳಕೋತ ನಿಂತಿದ್ರಿ, ಮದಿವಿ ಹೆಣ್ಣಿನಂಗ ಮಾರಿ ಕೆಂಪ ಮಾಡ್ಕೊಂಡು."

"ನಿಮ್ಮಮ್ಮ ಏನಂದ್ರು?"

"ನಮ್ಮವ್ವ ಏನಂತಾಳ? ರೊಟ್ಟಿ ಬಡಿಯಾಕ ಬರ್ತದೇನ್ ಕೇಳು ಅಂದ್ಲು."

ಬರುತ್ತದೆ ಎನ್ನಬಹುದಿತ್ತು. ಕಲಿಯುತ್ತೇನೆ ಎಂದರೆ ಇನ್ನೂ ಚಂದ. ಎರಡೂ ಮಾತುಗಳನ್ನು ಅವಳು ಬಾಯೊಳಗೆ ಇಟ್ಟುಕೊಂಡು ರುಚಿ ನೋಡಿದಳು.

"ಬರಲ್ಲ," ಎಂದಳು. "ಕಲೀತೀನಿ ಅಂತಲೂ ಹೇಳಲ್ಲ. ಓದು ಮುಗಿದ ಮೇಲೆ ವಾಪಸ್ಸು ಬರ್ತೀನಾ ಅಂತ ಕೇಳಿದ್ರೆ, ಬರಬೇಕು ಅಂತ ಇದೆ, ಆದ್ರೆ ಅಲ್ಲಿಯೂ ಯಾರದ್ದೋ ಕಾಲು ತೊಡೆ ಮೇಲೆ ಇರುತ್ತೆ, ಆಗ ಏನು ಅನಿಸುತ್ತೋ ಗೊತ್ತಿಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೆ ಒಂಚೂರೂ ಇಷ್ಟ ಇಲ್ಲ. ಹೋಗದೆ ಇರೋಕೂ ಇಷ್ಟ ಇಲ್ಲ. ಇಷ್ಟೇ ನನಗೆ ಗೊತ್ತಿರೋದು."

ಅವನು ಹಾದಿಯಿಂದ ಅವಳ ಕಡೆ ತಿರುಗಿದ. "ಇದನ್ನ ಯಾರು ತಿದ್ದಿ ಕೊಟ್ರು ನಿಮಗ?"

"ಯಾರೂ ಇಲ್ಲ."

"ಅದಕ್ಕ ಇಷ್ಟು ಒರಟೈತಿ," ಎಂದ, ಮತ್ತು ಅವನ ಧ್ವನಿ ಒಡೆಯಿತು. "ಮತ್ತ ಅವ್ವಗ ಏನ್ ಹೇಳ್ಲಿ?"

"ಭಾನುವಾರ ಬರ್ತೀನಿ ಅಂತ ಹೇಳಿ."

ಶೇರ್ ರಿಕ್ಷಾ ಬಂತು. ಒಳಗೆ ಆಗಲೇ ಇಬ್ಬರು ಹೆಂಗಸರು, ಒಂದು ಬುಟ್ಟಿ ಒಣಮೀನು. ಅವಳು ಹತ್ತಿ, ಒತ್ತರಿಸಿ ಕೂತು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿದಳು.